ಹೊಳೆಯ ಮೀನು ಬೆದರಿದ ಹಾಡು

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ ಎಂದು ಬ್ಯಾಡಗಿಯಲ್ಲಿ ನಮ್ಮ ಓಣಿಗೆಲ್ಲ ಗೊತ್ತು. ಮಾರುಕಟ್ಟೆಯ ರಸ್ತೆಯಲ್ಲಿ ನಮ್ಮದು ಗೋಣಿಚೀಲದ ಅಂಗಡಿ. ಮೆಣಸಿನಕಾಯಿ ತುಂಬಲು ಚೀಲ ಬೇಕೆಂದು ಬರುವ ರೈತರು ಮೊದಲು ನನ್ನ ಮಾತು ಕೇಳಿ, ಆಮೇಲೆ ಚೀಲ ಒಯ್ಯುತ್ತಾರೆ. ಹರಕು ಚೀಲ ಕೊಟ್ಟಿದ್ದೀರಿ ಎಂದು ಯಾರಾದರೂ ತಿರುಗಿ ಬಂದರೆ, ಅದನ್ನು ಅವರೇ ಹೇಗೆ ಹರಿದರು ಎಂದು ಅವರಿಗೇ ತಿಳಿಹೇಳಿ ಕಳಿಸಿದ್ದುಂಟು. ಇಂಥ ಬಾಯಿಗೆ ಮರ್ಯಾದೆ ಸಿಗುವ ಜಾಗ ಒಂದೇ, ಮದುವೆ ಮನೆ. ಬೀಗರ ಪಂಕ್ತಿ ಕೂತ ಕೂಡಲೇ ಹೆಂಗಸರೆಲ್ಲ ನನ್ನನ್ನು ಹುಡುಕುತ್ತಾರೆ. ಬೀಗರನ್ನು ಕೆಣಕುವ ಹಾಡನ್ನು ಮೊದಲೇ ಕಟ್ಟಿಕೊಂಡು ಹೋಗಬಾರದು, ಎದುರಿಗೆ ಕೂತವರ ಮುಖ ನೋಡಿ ಅಲ್ಲೇ ಕಟ್ಟಬೇಕು. ಮೂಗು ಉದ್ದವಿದ್ದರೆ ಮೂಗು, ಕೈ ಬಿಗಿಯಿದ್ದರೆ ಕೈ. ನನಗೆ ಅದು ನೀರು ಕುಡಿದಷ್ಟು ಸಲೀಸು.

ಆದರೆ ನಮ್ಮಲ್ಲಿ ಅದಕ್ಕೊಂದು ಕಟ್ಟಳೆ ಇದೆ. ಹಾಡು ಮುಗಿದ ಮೇಲೆ ಹಾಡಿದವಳು ಎದ್ದು ಹೋಗಿ, ಹಾಡಿಸಿಕೊಂಡವಳ ಬಾಯಿಗೆ ತನ್ನ ಕೈಯಾರೆ ಸಕ್ಕರೆ ಹಾಕಬೇಕು. ಅದು ಗಂಟಲಲ್ಲಿ ಇಳಿಯಿತೋ, ಅಲ್ಲಿಗೆ ಮಾತು ಮುಗಿಯಿತು. ಮರುದಿನ ಯಾರೂ ಆ ಹಾಡನ್ನು ಎತ್ತಿ ಆಡಬಾರದು. ಸಕ್ಕರೆ ಹಾಕದೆ ಎದ್ದು ಹೋದರೆ ಅದು ಹಾಡಲ್ಲ, ಜಗಳ. ಇದನ್ನು ನನಗೆ ಕಲಿಸಿದವಳು ನನ್ನ ಅವ್ವ. ಅವಳೂ ನನ್ನಷ್ಟೇ ಬಾಯಿಯವಳು, ಹೀಗಾಗಿ ಅವಳ ಸೆರಗಿನ ತುದಿಯಲ್ಲಿ ಸದಾ ಸಕ್ಕರೆಯ ಗಂಟಿರುತ್ತಿತ್ತು.

ನನ್ನ ಮಗಳನ್ನು ಮೇಡ್ಲೇರಿಗೆ ಕೊಟ್ಟಿದ್ದೇವೆ. ತುಂಗಭದ್ರೆಯ ದಂಡೆ, ನೀರಾವರಿ ಹೊಲ, ತುಂಬಿದ ಮನೆ. ಮಗಳ ಅತ್ತೆ, ಎಂದರೆ ನನ್ನ ಬೀಗತಿ, ನನಗಿಂತ ಹಿರಿಯರು. ಚಿಕ್ಕಂದಿನಿಂದ ಅವರ ಕಿವಿ ಕೊಂಚ ಮಂದ. ತಮಗೆ ಕೇಳಿಸುವಷ್ಟು ಗಟ್ಟಿಯಾಗಿ ಅವರು ಮಾತಾಡಿದರೆ ಅದು ಆಚೆ ಓಣಿಯವರಿಗೂ ಮುಟ್ಟುತ್ತದೆ. ಹೊಲದ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಊಟಕ್ಕೆ ಕರೆಯಲು ಆ ಮನೆಯಲ್ಲಿ ಯಾರಿಗೂ ಫೋನ್ ಬೇಕಾಗಿಲ್ಲ. ಮದುವೆಯ ದಿನ ಪಂಕ್ತಿಯಲ್ಲಿ ಕೂತು ಅವರು ತಮ್ಮ ಲೆಕ್ಕದಲ್ಲಿ ಮೆಲ್ಲಗೆ ಸಾರು ಕೇಳಿದರು. ಹಿತ್ತಲಲ್ಲಿದ್ದ ಅಡುಗೆಯವರು ಏನೋ ಅನಾಹುತವಾಯಿತೆಂದು ಓಡಿ ಬಂದರು. ಇಂಥದ್ದನ್ನು ನಾನು ಬಿಡುತ್ತೇನೆಯೇ?

ಮೇಡ್ಲೇರಿ ಬೀಗತಿ ಮೆಲ್ಲಕ ಮಾತಾಡಾಕಿ
ಹೊಳಿ ಆಚಿ ದಂಡಿಗೆ ಕೇಳತೈತಿ, ತಂಗೆವ್ವ
ಹೊಳಿಯಾನ ಮೀನು ಬೆದರ್ಯಾವ

ಈ ಸಾಲುಗಳನ್ನು ಇಲ್ಲಿ ಬರೆಯುವ ಮೊದಲು ಅವರಿಗೆ ಫೋನ್ ಮಾಡಿ ಕೇಳಿದ್ದೇನೆ. ಒಂದು ಶರತ್ತಿನ ಮೇಲೆ ಒಪ್ಪಿದ್ದಾರೆ, ಅದನ್ನು ಕೊನೆಗೆ ಹೇಳುತ್ತೇನೆ. ಅಂದು ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ನಾನು ಸಕ್ಕರೆ ಹಾಕಿದೆ, ಅವರು ಬಾಯಿ ಚಪ್ಪರಿಸಿ ನನ್ನ ಬೆನ್ನಿಗೊಂದು ಗುದ್ದಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಅದಾಗಿ ಒಂದೆರಡು ಸುಗ್ಗಿ ಕಳೆದ ಮೇಲೆ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಿಂದ ಒಬ್ಬ ಹುಡುಗಿ ನಮ್ಮ ಓಣಿಗೆ ಬಂದಳು. ಕರ್ಜಗಿಯವಳು, ಹಾಗಾಗಿ ಮಾತು ನಮ್ಮದೇ. ಹಾಡು ಕಟ್ಟುವ ಎಐ ಯಂತ್ರವೊಂದನ್ನು ಮಾಡುತ್ತಿದ್ದೇವೆ, ಅದಕ್ಕೆ ನಮ್ಮ ಸೀಮೆಯ ಮದುವೆ ಹಾಡುಗಳನ್ನು ಕಲಿಸಬೇಕು, ನೀವು ಒಪ್ಪಿದರೆ ಮಾತ್ರ ಎಂದಳು. ಮಧ್ಯಾಹ್ನ ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕೂತ ನಾವೆಲ್ಲ ಕೈ ನಿಲ್ಲಿಸಿ ಅವಳನ್ನು ನೋಡಿದೆವು. ನನ್ನ ಪಕ್ಕದ ಮನೆಯ ಆಪಾ ನನ್ನ ಎಷ್ಟೋ ವರ್ಷದ ಗೆಳತಿ. ತಮ್ಮವರ ಮದುವೆಗಳಲ್ಲಿ ಉರ್ದು ಹಾಡು ಹೇಳುತ್ತ ಡೋಲಕ್ ಬಾರಿಸುತ್ತಾಳೆ, ನಮ್ಮವರ ಮದುವೆಗಳಲ್ಲಿ ನನಗೆ ತಾಳ ಹಾಕುತ್ತಾಳೆ. ಕೇಳದೇ ತೆಗೆದುಕೊಂಡ ಕಂಪನಿಗಳೂ ಇದ್ದಾವಂತಲ್ಲ, ಅವರಿಗೇನಾಯಿತು ಎಂದು ಆಪಾ ಕೇಳಿದಳು. ಅವರು ದೊಡ್ಡವರಾದರು ಎಂದಳು ಹುಡುಗಿ. ಖರೇ ಹೇಳುವ ಮಂದಿ ನನಗೆ ಸೇರುತ್ತಾರೆ. ಅವಳಿಗೊಂದು ಚಹಾ ಹೇಳಿದೆ.

ಮಾತು ಸುಮಾರು ದಿನ ನಡೆಯಿತು. ಯಂತ್ರ ಹಾಡು ಕಟ್ಟಿದಾಗ ಅದು ಯಾರ ಹಾಡುಗಳ ಆಸರೆ ಪಡೆಯಿತೋ ಅವರ ಹೆಸರು, ಊರು ಕೆಳಗೆ ಕಾಣಬೇಕು. ಅದು ಯಾವ ಹಾಡು ಕಲಿತಿದೆ ಎಂಬುದನ್ನು ಯಾರು ಬೇಕಾದರೂ ನೋಡುವಂತಿರಬೇಕು. ಗಳಿಕೆ ಬಂದರೆ ನಮಗೂ ಪಾಲು. ಕೊಟ್ಟ ಹಾಡನ್ನು ನಾವು ತಿರುಗಿ ಕೇಳಿದರೆ ಕೊಡಬೇಕು. ಎಲ್ಲದಕ್ಕೂ ಹೂಂ ಎಂದರು. ನಮ್ಮ ಉಗ್ರಾಣದಲ್ಲೇ ಕೂತು ಹಾಡಿದೆವು. ಮೆಣಸಿನಕಾಯಿಯ ಘಾಟಿಗೆ ಒಬ್ಬರಲ್ಲ ಒಬ್ಬರು ಸೀನುತ್ತಲೇ ಇದ್ದೆವು, ನಮಗೆ ಅದು ರೂಢಿ. ಮುಂದೆ ಯಂತ್ರ ಕಟ್ಟಿದ ಮೊದಲ ಹಾಡನ್ನು ಹುಡುಗಿ ಕೇಳಿಸಿದಾಗ, ಸಾಲಿನ ಕೊನೆಗೆ ಅದೂ ಸಣ್ಣದೊಂದು ಸೀನು ಸೀನಿತು. ಸೀನುವುದು ಹಾಡಿನ ಭಾಗ ಎಂದು ತಿಳಿದಿತ್ತು ಪಾಪ. ತೆಗೆಯಲೇ ಎಂದು ಅವಳು ಕೇಳಿದಳು, ಇರಲಿ ಬಿಡು ಎಂದೆವು. ಬ್ಯಾಡಗಿಯ ಹಾಡು ಸೀನದಿದ್ದರೆ ಯಾರು ನಂಬುತ್ತಾರೆ?

ಹಾಡಿದವರನ್ನೆಲ್ಲ ಕೇಳಿದರು, ನಾವೂ ಮನಸಾರೆ ಒಪ್ಪಿದೆವು. ಆದರೆ ಹಾಡಿನ ಒಳಗೆ ಕೂತವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವರಿಗೂ ಇಲ್ಲ, ನಮಗೂ ಇಲ್ಲ. ಸಕ್ಕರೆ ಹಾಕಿದ ಹಾಡು ನಮ್ಮ ಪಾಲಿಗೆ ತೀರಿಹೋದ ಹಾಡು. ಮೇಡ್ಲೇರಿಯ ಮೀನಿನ ಹಾಡನ್ನು ನಾನು ಎಲ್ಲದರ ಜೊತೆ ಸಲೀಸಾಗಿ ಹಾಡಿ ಕೊಟ್ಟಿದ್ದೆ.

ಯಂತ್ರ ಆ್ಯಪ್ ಆಗಿ ಫೋನಿಗೆ ಬಂತು. ರಾಣೆಬೆನ್ನೂರಿನ ಒಂದು ಮದುವೆಯಲ್ಲಿ ಯಾರೋ ಹೊಳೆಸಾಲಿನ ಬೀಗತಿಗೊಂದು ಹಾಡು ಕಟ್ಟು ಎಂದು ಅದಕ್ಕೆ ಹೇಳಿದರಂತೆ. ಅದು ನನ್ನ ಸಾಲುಗಳನ್ನೇ ಎತ್ತಿ ಹಾಡಿಬಿಟ್ಟಿತು, ಊರಿನ ಹೆಸರು ಸಮೇತ. ಕುಣಿತ ಸೇರಿಸಿ ವಿಡಿಯೋ ಮಾಡಿದರು. ಆಮೇಲೆ ಕೇಳಬೇಕೇ? ರಾಣೆಬೆನ್ನೂರಿನ ಆಟೋಗಳಲ್ಲಿ ಅದೇ ಹಾಡು, ಬಸ್ಸಿನಲ್ಲಿ ಅದೇ ಹಾಡು. ನಾನು ಮೊದಲು ಹಿಗ್ಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕೆಳಗೆ ನನ್ನ ಹೆಸರೂ ಇತ್ತಲ್ಲ.

ಮೇಡ್ಲೇರಿಯಲ್ಲಿ ಅಂಥ ದನಿ ಇದ್ದದ್ದು ಒಬ್ಬರಿಗೇ. ಬೀಗತಿ ಹಿಟ್ಟಿನ ಗಿರಣಿಗೆ ಹೋಗಿ ಪಾಳಿ ಯಾರದು ಎಂದು ಕೇಳಿದರೆ ಸಾಕು, ಯಾರೋ ಒಬ್ಬರು ಫೋನಿನಲ್ಲಿ ಹಾಡು ಹಚ್ಚುತ್ತಿದ್ದರು. ಬಸ್ಸಿಗೆ ಕೈ ಮಾಡಿ ಕೂಗಿದರೆ ಒಳಗಿದ್ದವರು ಮೀನು ಬೆದರಿತು ಎನ್ನುತ್ತಿದ್ದರು. ಒಂದು ದಿನ ಮಗಳು ಫೋನ್ ಮಾಡಿದಳು.

"ಅವ್ವಾ, ಅತ್ತಿಯಾರು ಮಾತಾಡವಲ್ಲರು," ಎಂದಳು.

ನಿನ್ನ ಮೇಲೆ ಸಿಟ್ಟೇ ಎಂದೆ. ಅಲ್ಲ, ಯಾರ ಜೊತೆಗೂ ಇಲ್ಲ ಎಂದಳು. ಅವರು ಕೊನೆಗೆ ಅವಳ ಹತ್ತಿರ ಹೇಳಿದ್ದು ಇಷ್ಟೇ: "ನಿಮ್ಮವ್ವ ಸಕ್ಕರಿ ಹಾಕಿದ್ಲು. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ."

ನನ್ನ ಹಿಗ್ಗೆಲ್ಲ ಜರ್ರನೆ ಇಳಿಯಿತು. ಅಂಗಡಿಯ ಬಾಗಿಲು ಹಾಕಿಕೊಂಡು ಬಸ್ಸು ಹಿಡಿದೆ. ರಾಣೆಬೆನ್ನೂರಿನಲ್ಲಿ ಇಳಿದು ಮೇಡ್ಲೇರಿ ಬಸ್ಸಿಗೆ ಕಾಯುವಾಗ ಒಬ್ಬ ಆಟೋದವನು ಆ ಹಾಡನ್ನೇ ಹಾಕಿಕೊಂಡು ಹೋದ. ಅದರ ಕೊನೆಯ ಸೀನು ಕೇಳಿ ಅಳು ಬಂತು, ಸಿಟ್ಟೂ ಬಂತು.

ಆ ಮನೆಯ ಬಾಗಿಲಲ್ಲಿ ನಿಂತಾಗ ನನಗೆ ಮೊದಲು ತಿಳಿದದ್ದು ಸದ್ದಿಲ್ಲ ಎಂಬುದು. ಮೊದಲಾದರೆ ತಿರುವಿನಲ್ಲಿ ನಾನು ಕಂಡ ಕೂಡಲೇ ಬರ್ರಿ ಎಂಬ ಕೂಗು ಬರುತ್ತಿತ್ತು. ಈಗ ಬೀಗತಿ ತಲೆಯಾಡಿಸಿಯೇ ಬರ್ರಿ ಎಂದರು, ಕೈಯಲ್ಲೇ ಕುಂದ್ರಿ ಎಂದರು. ಪಿಸುಮಾತು ಕಲಿತಿದ್ದರು. ತುಟಿ ಅಲುಗುತ್ತಿತ್ತು, ಆಮೇಲೆ ನಮ್ಮ ಮುಖ ನೋಡುತ್ತಿದ್ದರು. ತಮ್ಮ ಪಿಸುಮಾತು ತಮಗೇ ಕೇಳಿಸದ್ದರಿಂದ, ಮಾತು ಹೊರಗೆ ಬಂತೋ ಇಲ್ಲವೋ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಅದನ್ನು ನೋಡಲಾಗದೆ ನಾನು ಅಂಗಳದ ಕಡೆ ಮುಖ ತಿರುಗಿಸಿದೆ.

ಮಗಳು ಚಹಾ ತಂದಳು. ನಾನು ಲೋಟ ಕೆಳಗಿಟ್ಟು, ಬೀಗತಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ: "ಅಕ್ಕಾರ, ಆ ಹಾಡು ಯಂತ್ರದ ಹೊಟ್ಟ್ಯಾಗಿಂದ ತೆಗಿಸಿ ಬರ್ತೇನಿ. ಅಲ್ಲೀತನಕ ಸಕ್ಕರಿ ನನ್ನ ಬಾಯಿಗೆ ಬ್ಯಾಡ." ಅವತ್ತು ಸಪ್ಪೆ ಚಹಾ ಕುಡಿದೆ. ನಮ್ಮ ಕಡೆ ಚಹಾ ಎಂದರೆ ಅರ್ಧ ಸಕ್ಕರೆ, ಆ ಕಷ್ಟ ಕುಡಿದವರಿಗೇ ಗೊತ್ತು.

ಕರ್ಜಗಿಯ ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ನೊಂದುಕೊಂಡಳು, ಮರುದಿನವೇ ಸರಿಮಾಡಿಸಿದ್ದೇನೆ ಎಂದಳು. ಮೇಡ್ಲೇರಿ ಎಂಬ ಹೆಸರು ಬಂದರೆ ಯಂತ್ರ ಇನ್ನು ಮುಂದೆ ಹಾಡುವುದಿಲ್ಲವಂತೆ. ನಾನೂ ಆಪಾಳೂ ಅಂಗಡಿಯಲ್ಲಿ ಚೀಲದ ರಾಶಿಯ ಮೇಲೆ ಕೂತು ಪರೀಕ್ಷೆ ಮಾಡಿದೆವು. ಊರಿನ ಹೆಸರು ಹೇಳಿದರೆ ಖರೇನೇ ಹಾಡಲಿಲ್ಲ. ಆಪಾ ಸುಲಭಕ್ಕೆ ನಂಬುವವಳಲ್ಲ. ಹೊಳೆದಂಡೆಯಲ್ಲಿ ಗಟ್ಟಿ ದನಿಯ ಒಬ್ಬ ಬೀಗತಿ ಇದ್ದಾಳೆ, ಅವಳ ಮೇಲೆ ಹಾಡು ಎಂದಳು. ಯಂತ್ರ ಊರಿನ ಹೆಸರೊಂದನ್ನು ಬಿಟ್ಟು, ಆಚೆ ದಂಡೆ, ಬೆದರಿದ ಮೀನು ಎಲ್ಲವನ್ನೂ ಹಾಡಿ ಒಂದು ಸೀನು ಸೀನಿತು. ಹಾಡು ಒಳಗೇ ಇತ್ತು, ಮೇಲೊಂದು ಮುಚ್ಚಳ ಹಾಕಿದ್ದರು ಅಷ್ಟೇ.

ಹುಡುಗಿ ಬ್ಯಾಡಗಿಗೆ ಬಂದು ಎದುರಿಗೆ ಕೂತಳು. ಮುಚ್ಚಳದ ಮಾತನ್ನು ಒಪ್ಪಿಕೊಂಡಳು, ನನ್ನ ತಪ್ಪು ಎಂದಳು. "ಒಮ್ಮಿ ಕಲತದ್ದು ಸಾರಿಗೆ ಹಾಕಿದ ಉಪ್ಪಿನಂಗ ರೀ, ಅಮ್ಮಾರ. ಆರಿಸಿ ತೆಗ್ಯಾಕ ಬರೂದಿಲ್ಲ. ಆ ಉಪ್ಪಿಲ್ದಂಗ ಸಾರು ಹೊಸದಾಗಿ ಮಾಡಬೇಕಾಗತೈತಿ."

"ಹಂಗಾರ ಹೊಸದಾಗಿ ಮಾಡ್ರಿ," ಎಂದೆ. "ಉಪ್ಪು ಹೆಚ್ಚಾದ ಸಾರನ್ನ ನಾವು ಬೀಗರಿಗೆ ಬಡಸೂದಿಲ್ಲ."

ತನ್ನ ಮೇಲಿನವರನ್ನು ಕೇಳುತ್ತೇನೆ ಎಂದು ಹೋದಳು. ಹಾಡು ತಿರುಗಿ ಕೊಡುವ ಮಾತಿಗೆ ಹೂಂ ಎಂದಿದ್ದರೂ ಮೇಲಿನವರಿಗೆ ಅದು ಸುಲಭವಿರಲಿಲ್ಲ. ಯಂತ್ರಕ್ಕೆ ಮೊದಲಿನಿಂದ ಕಲಿಸಬೇಕೆಂದರೆ ದುಡಿಮೆ, ದುಡ್ಡು, ದಿನ ಎಲ್ಲ ಬೇಕು, ಅದೂ ಮೂರು ಸಾಲಿನ ಒಂದು ಹಾಡಿಗಾಗಿ. ನಾಲ್ಕು ದಿನ ಹೋದರೆ ಜನ ಮರೆಯುತ್ತಾರೆ ಎಂದರಂತೆ. ಈ ಮಾತನ್ನು ನಾನು ಓಣಿಯ ಹೆಂಗಸರ ಮುಂದಿಟ್ಟೆ. ಬೈಯಲು ನಾನು ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ಆಪಾ ಮೆಣಸಿನಕಾಯಿಯ ಕೈ ಒರೆಸಿಕೊಂಡು ಹೇಳಿದಳು: "ಒಂದು ಹಾಡು ತೆಗ್ಯಾಕ ಬರೂದಿಲ್ಲಂದ್ರ, ನನ್ನವೂ ತೆಗೀರಿ ಅಂತ ಹೇಳು. ಎಲ್ಲಾ." ಪಕ್ಕದಲ್ಲಿದ್ದವಳು ನನ್ನವೂ ಎಂದಳು. ಹಾಗೇ ಸಾಲಿಗೆ ಸಾಲು ಹೇಳಿತು. ಅವರಲ್ಲಿ ಎಷ್ಟೋ ಜನ ನನ್ನ ಬೀಗತಿಯ ಮುಖ ನೋಡಿದವರೂ ಅಲ್ಲ. ಓಣಿಯ ಹಾಡೆಲ್ಲ ಹೋದರೆ ಆ ಯಂತ್ರದಲ್ಲಿ ಉಳಿಯುವುದು ಸೀನು ಮಾತ್ರ ಎಂದು ನಾನು ಹುಡುಗಿಗೆ ಫೋನಿನಲ್ಲಿ ಹೇಳಿದೆ. ಅವಳು ನಗಲಿಲ್ಲ, ಅದನ್ನೇ ಮೇಲಿನವರಿಗೆ ಹೇಳುತ್ತೇನೆ ಎಂದಳು.

ಒಪ್ಪಿದರು. ಕೆಲಸ ಮುಗಿಯುವವರೆಗೆ ಆ್ಯಪ್ ಬಂದ್ ಮಾಡಿದರು. ತೆರೆದರೆ ಒಂದು ಮಾತು ಕಾಣುತ್ತಿತ್ತು: ಒಬ್ಬರ ಮೇಲೆ ಕಟ್ಟಿದ ಹಾಡನ್ನು ಅವರನ್ನು ಕೇಳದೆ ಕಲಿಸಿದ್ದೆವು, ತಪ್ಪಾಗಿದೆ, ಅದನ್ನು ಬಿಟ್ಟು ಮೊದಲಿನಿಂದ ಕಲಿಸುತ್ತಿದ್ದೇವೆ. ಇನ್ನು ಮುಂದೆ ಹಾಡಿದವರನ್ನು ಮಾತ್ರವಲ್ಲ, ಹಾಡಿಸಿಕೊಂಡವರನ್ನೂ ಕೇಳುತ್ತೇವೆ ಎಂದೂ ಇತ್ತು. ಕಂಪನಿಯವರು ತಮ್ಮ ತಪ್ಪನ್ನು ಹೀಗೆ ಬಾಗಿಲಿಗೆ ಬರೆದು ಹಾಕಿದ್ದನ್ನು ನಾನು ಜೀವನದಲ್ಲಿ ಕಂಡದ್ದು ಅದೇ ಮೊದಲು. ಬೀಗತಿಗೆ ಓದಿ ಹೇಳು ಎಂದು ಮಗಳಿಗೆ ಹೇಳಿದೆ. ಅವರು ಕೇಳಿಸಿಕೊಂಡು ತಲೆಯಾಡಿಸಿದರಂತೆ, ಮಾತಾಡಲಿಲ್ಲವಂತೆ.

ಹೊಸ ಯಂತ್ರ ಸಿದ್ಧವಾದಾಗ ಹಾವೇರಿಯ ಒಂದು ಸಭಾಭವನದಲ್ಲಿ ಎಲ್ಲರನ್ನೂ ಕರೆದರು. ಬೇರೆಯವರೆಲ್ಲ ಯಂತ್ರಕ್ಕೆ ಏನೇನು ಬರುತ್ತದೆ ಎಂದು ನೋಡಲು ಬಂದಿದ್ದರು. ನಾವು ಬ್ಯಾಡಗಿಯ ಹೆಂಗಸರು ಮಾತ್ರ ಅದಕ್ಕೆ ಏನು ಬರುವುದಿಲ್ಲ ಎಂದು ನೋಡಲು ಹೋಗಿದ್ದೆವು. ಮೇಡ್ಲೇರಿಯಿಂದ ಮಗಳು ಬೀಗತಿಯನ್ನು ಕರೆತಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಅವರು ನನ್ನ ಪಕ್ಕದಲ್ಲಿ ಕೂತರು. ನನ್ನ ಕೈ ಹಿಡಿಯಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ.

ಮೊದಲು ಆಪಾ ಕೇಳಿದಳು, ತಿರುವಿ ಮುರುವಿ, ಹಿಂದಿನ ಸಲ ಸಿಕ್ಕಿಬಿದ್ದ ದಾರಿಯಲ್ಲೇ. ಯಂತ್ರ ಏನೇನೋ ಹಾಡಿತು, ಮೀನು ಬರಲಿಲ್ಲ. ನಾನು ಕೇಳಿದೆ, ಬರಲಿಲ್ಲ. ಆಗ ಹುಡುಗಿ ಫೋನನ್ನು ಬೀಗತಿಯ ಮುಂದೆ ಹಿಡಿದು, ನೀವೇ ಕೇಳಿ ನೋಡ್ರಿ ಎಂದಳು.

ಬೀಗತಿ ಪಿಸುಗುಟ್ಟಿದರು. ಯಂತ್ರ ಹೇಳಿತು: "ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಅದು ಅರ್ಥವಾಗದೆ ಅವರು ನನ್ನ ಕಡೆ ನೋಡಿದರು. ಜೋರಾಗಿ ಹೇಳಬೇಕಂತೆ ಎಂದು ನಾನು ಅವರ ಕಿವಿಯ ಹತ್ತಿರ ಹೇಳಿದೆ. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡು ಎಂದೇ ಎಲ್ಲರಿಂದ ಹೇಳಿಸಿಕೊಂಡ ಹೆಂಗಸು ಅವರು. ಮತ್ತೊಮ್ಮೆ ತುಟಿ ಅಲುಗಿಸಿದರು. ಯಂತ್ರ ಮತ್ತೆ ಕೇಳಿಸಲಿಲ್ಲ ಎಂದಿತು. ಬೀಗತಿ ಸೆರಗು ಹಿಂದಕ್ಕೆ ಸರಿಸಿದರು, ಉಸಿರೆಳೆದುಕೊಂಡರು.

"ಏ ಯಂತ್ರಾ, ಮೇಡ್ಲೇರಿ ಬೀಗತಿ ಹಾಡು ಹಾಡಲೇ!"

ಸಭೆಗೆ ಸಭೆಯೇ ತಿರುಗಿ ನೋಡಿತು. ವೇದಿಕೆಯ ಮೇಲೆ ಮೈಕಿನಲ್ಲಿ ಮಾತಾಡುತ್ತಿದ್ದವರು ನಿಲ್ಲಿಸಿದರು. ನನ್ನ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ನಗುತ್ತಿದ್ದಳು. ಯಂತ್ರ ಹಸಿರು ಬಳೆ, ಹೋಳಿಗೆ, ತುಪ್ಪ ಎಂದು ಏನೋ ಹಾಡಿ ಸೀನಿತು. ಮೀನು ಎಲ್ಲಿ ಎಂದು ಬೀಗತಿ ಅದೇ ದನಿಯಲ್ಲಿ ಗದರಿದರು. ಅದು ಮತ್ತೊಂದು ಹಾಡಿತು, ಅದರಲ್ಲೂ ಇಲ್ಲ. ಅವರು ಮತ್ತೆ ಗದರಿದರು. ಹಾಗೇ ಕೇಳಿ ಕೇಳಿ, ಕೊನೆಗೆ ಫೋನನ್ನು ಹುಡುಗಿಯ ಕೈಗೆ ಕೊಟ್ಟರು.

"ಇದಕ್ಕ ಬರೂದಿಲ್ಲ," ಎಂದರು. ಆಮೇಲೆ ನಕ್ಕರು. ಮದುವೆಯ ಪಂಕ್ತಿಯಲ್ಲಿ ನಕ್ಕ ಅದೇ ನಗೆ. ಗೆದ್ದೆವು ಎಂದು ಆಪಾ ನನ್ನ ತೊಡೆ ಹಿಂಡಿದಳು.

ಬೀಗತಿ ನನ್ನ ಕಡೆ ತಿರುಗಿ, ಯಂತ್ರಕ್ಕೆ ಬರುವುದಿಲ್ಲವಲ್ಲ, ಈಗ ನೀವು ಹಾಡ್ರಿ ಎಂದರು. ನಾನು ಹಿಂದೆಮುಂದೆ ನೋಡಿದೆ. ಹಾಡ್ರಿ ಅಂದರೆ ಹಾಡ್ರಿ ಎಂದು ಗುಡುಗಿದರು. ಹಾಡಿದೆ. ಆಪಾ ಕುರ್ಚಿಯ ಬೆನ್ನನ್ನೇ ಡೋಲಕ್ ಮಾಡಿಕೊಂಡಳು. ಮೀನು ಬೆದರಿದಲ್ಲಿಗೆ ಬಂದಾಗ ಸಭೆಯೆಲ್ಲ ನಕ್ಕಿತು. ಚಹಾದ ಮೇಜಿನಿಂದ ಸಕ್ಕರೆ ತಂದು ಅವರ ಬಾಯಿಗೆ ಹಾಕಿದೆ. ಮುಗಿಯಿತು ಎಂದುಕೊಂಡು ಕೂರಲು ಹೋದರೆ, ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಹಾಡಿಸಿಕೊಂಡವರು ತಿರುಗಿ ಹಾಡುವ ಎದುರುಹಾಡು ಬಾಕಿ ಇತ್ತು.

ಬ್ಯಾಡಗಿ ಬೀಗತಿ ಚೀಲಾ ಮಾರಾಕಿ
ತನ್ನ ಬಾಯಿ ಕಟ್ಟಾಕ ಚೀಲಿಲ್ಲ, ತಂಗೆವ್ವ
ಊರ ಸುತಳಿ ಸಾಲಲಿಲ್ಲ

ನನ್ನ ಓಣಿಯ ಹೆಂಗಸರು ನಕ್ಕಿದ್ದಕ್ಕೆ ಲೆಕ್ಕವಿಲ್ಲ, ನನ್ನ ಪರ ನಿಲ್ಲಬೇಕಾದ ಆಪಾಳೇ ಎಲ್ಲರಿಗಿಂತ ಹೆಚ್ಚು ನಕ್ಕಳು. ಬೀಗತಿ ಹಿಡಿ ಸಕ್ಕರೆಯನ್ನು ನನ್ನ ಬಾಯಿಗೆ ತುರುಕಿದರು. ಸಪ್ಪೆ ಚಹಾ ಕುಡಿದ ಅಷ್ಟೂ ದಿನದ ಸಕ್ಕರೆ ಒಂದೇ ಸಲಕ್ಕೆ ಬಂದಿತ್ತು. ಕೇಳದೆ ಯಾವ ಹಾಡೂ ಅದಕ್ಕೆ ಸೇರಬಾರದೆಂದು ಹುಡುಗಿ ತನ್ನ ಫೋನನ್ನು ಮೊದಲೇ ಬೋರಲು ಹಾಕಿಟ್ಟಿದ್ದಳು. ಅದನ್ನು ಕಂಡ ಬೀಗತಿ, ನನ್ನ ಹಾಡು ಬೇಕಾದರೆ ತಗೋ, ನಿನ್ನ ಯಂತ್ರಕ್ಕೆ ಕಲಿಸು ಎಂದರು. ಹುಡುಗಿ ಫೋನ್ ಮುಟ್ಟಲಿಲ್ಲ. ನನ್ನ ಮುಂದೆ ಬಂದು ನಿಂತಳು.

"ಅಮ್ಮಾರ, ಹಾಡು ನಿಮ್ಮ ಮ್ಯಾಲೈತಿ. ನಿಮ್ಮ ಒಪ್ಪಿಗಿ ಐತೇನ್ರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಹಟದಿಂದಲೇ ಹುಟ್ಟಿದ ಕಟ್ಟಳೆ ನನ್ನ ಕೊರಳಿಗೇ ಬಂದಿತ್ತು. ಬಾಯಿ ತುಂಬ ಸಕ್ಕರೆ, ಮಾತಾಡಲು ಬರುವಂತಿಲ್ಲ. ತಲೆಯಾಡಿಸಿದೆ.

ಬೀಗತಿ ಫೋನಿನಲ್ಲಿ ಹಾಕಿದ ಶರತ್ತು ಇದೇ: ನನ್ನ ಸಾಲು ಬರೆದರೆ ಅವರ ಸಾಲನ್ನೂ ಬರೆಯಬೇಕು, ಒಂದಕ್ಷರ ತಿದ್ದದೆ. ಬರೆದಿದ್ದೇನೆ. ಈಗ ಚೀಲ ಒಯ್ಯಲು ಬರುವ ರೈತರು ಅಂಗಡಿಯ ಮುಂದೆ ನಿಂತು ಯಂತ್ರ ಕಲಿತ ಬೀಗತಿಯ ಹಾಡು ಹಚ್ಚುತ್ತಾರೆ, ಸೀನು ಬರುವವರೆಗೆ ಕೇಳಿ ನಗುತ್ತಾರೆ. ನಾನು ಬೈಯುತ್ತೇನೆ, ಬೈದು ಫೋನ್ ಇಸಿದುಕೊಂಡು ಹಾಡಿನ ಕೆಳಗೆ ನೋಡುತ್ತೇನೆ. ಅಲ್ಲಿ ನನ್ನ ಬೀಗತಿಯ ಹೆಸರಿರುತ್ತದೆ, ಮುಂದೆ ಮೇಡ್ಲೇರಿ ಎಂದು ಊರಿರುತ್ತದೆ. ಅದನ್ನು ಆ ರೈತರಿಗೂ ಓದಿ ಹೇಳಿ ಚೀಲ ಕೊಟ್ಟು ಕಳಿಸುತ್ತೇನೆ.